‘ನಾನು ಹುಟ್ಟಿದ ಊರು’ ಇಂಗ್ಲಿಷಿಗೆ ಹೋಗುವಾಗ ಬಿದ್ದುಹೋಗುವ ‘ಇನ್’

ಇಂಟರ್‌ವ್ಯೂಗೆ ತಯಾರಾಗುವ ನಮ್ಮೂರ ಹುಡುಗ ಹುಡುಗಿಯರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ವಾಕ್ಯ ಒಂದಿದೆ. “ಪಾಲಹಳ್ಳಿ ಈಸ್ ದ ವಿಲೇಜ್ ವಿಚ್ ಐ ವಾಸ್ ಬಾರ್ನ್.” ಭಾನುವಾರ ಸಂಜೆ ನಾಲ್ಕೈದು ಜನ ಡಿಗ್ರಿ ಮುಗಿಸಿದವರು ನಮ್ಮ ಮನೆ ಜಗಲಿ ಮೇಲೆ ಕೂತು ಇಂಗ್ಲಿಷ್ ಅಭ್ಯಾಸ ಮಾಡ್ತಾರೆ. ವಾರವೆಲ್ಲ ಮೈಸೂರಿನ ಆಫೀಸಲ್ಲಿ ಬೇರೆಯವರ ಇಂಗ್ಲಿಷ್ ತಿದ್ದುವ ನಾನು, ಅವತ್ತು ಇವರದ್ದು ಕೇಳ್ತೀನಿ. ಸ್ಪೆಲ್ಲಿಂಗ್ ಸರಿ, ಉಚ್ಚಾರಣೆಯೂ ಪರವಾಗಿಲ್ಲ. ಆದರೆ ‘ವಿಚ್’ ಹಿಂದೆ ಇರಬೇಕಾದ ‘ಇನ್’ ಮಾತ್ರ ನಾಪತ್ತೆ.

ಸರಿಯಾದ ವಾಕ್ಯ, “ದ ವಿಲೇಜ್ ಇನ್ ವಿಚ್ ಐ ವಾಸ್ ಬಾರ್ನ್.”

ಒಂದು ‘ಇನ್’ ಬಿಟ್ಟುಹೋದ್ರೆ ಏನಾಗುತ್ತೆ, ಅರ್ಥ ಆಗುತ್ತಲ್ಲ ಅಂತೀರಾ? ಊರಿನ ವಿಷಯದಲ್ಲಿ ಆಗುತ್ತೆ. ದುಡ್ಡಿನ ವಿಷಯಕ್ಕೆ ಬಂದಾಗ ಆಗಲ್ಲ.

ಫ್ರಮ್ಮೋ, ಟುವೋ?

ನಮ್ಮಕ್ಕನ ಮಗ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾನೆ. ಹೊರದೇಶದ ಗ್ರಾಹಕರಿಗೆ ಅವನೊಂದು ಇಮೇಲ್ ಬರೆದಿದ್ದ. “ದ ಅಕೌಂಟ್ ವಿಚ್ ದ ಅಮೌಂಟ್ ವಾಸ್ ಟ್ರಾನ್ಸ್‌ಫರ್ಡ್ ಶುಡ್ ಬಿ ಕ್ಲೋಸ್ಡ್.” ಯಾವ ಖಾತೆ ಮುಚ್ಚಬೇಕು? ಹಣ ಹೋದ ಖಾತೆಯೋ, ಹಣ ಬಂದ ಖಾತೆಯೋ? ‘ಫ್ರಮ್ ವಿಚ್’ ಅಂದರೆ ಒಂದು, ‘ಟು ವಿಚ್’ ಅಂದರೆ ಅದಕ್ಕೆ ಪೂರಾ ಉಲ್ಟಾ. ಗ್ರಾಹಕರು ತಮಗೆ ತೋಚಿದ್ದನ್ನು ಹಿಡಿದುಕೊಂಡರು. ಎರಡು ದಿನ ಪೇಮೆಂಟ್ ನಿಂತಿತು. ವರ್ಷದ ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಷನ್’ ಅನ್ನೋ ಸಾಲಿನ ಎದುರು ಅವನಿಗೆ ಕಡಿಮೆ ಅಂಕ ಬಿತ್ತು.

“ಮಾವ, ನಂಗೆ ಇಂಗ್ಲಿಷೇ ಬರಲ್ಲ ಅನ್ನಂಗ್ ಬರ್ದವ್ರೆ. ಕನ್ನಡ ಮೀಡಿಯಂನವ್ರ ಹಣೆಬರಾನೇ ಇಷ್ಟು” ಅಂದ. ಆ ಮಾತು ನನಗೆ ಸಹಿಸೋಕಾಗಲಿಲ್ಲ. ಯಾಕೆಂದರೆ ಅವನಿಗೆ ಇಂಗ್ಲಿಷ್ ಬರುತ್ತೆ. ಅವನು ಎಡವಿದ ಜಾಗದಲ್ಲಿ ಎಡವುವಂತೆ ಮಾಡೋದು ನಮ್ಮ ಭಾಷೆಯ ಒಂದು ಸೊಗಸು. ಅದನ್ನು ಯಾವ ಕ್ಲಾಸಿನಲ್ಲೂ ಅವನಿಗೆ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಕನ್ನಡ ನುಂಗಿಬಿಡುತ್ತೆ

ಈ ನಾಲ್ಕನ್ನು ಓದಿ ನೋಡಿ: ನಾನು ಬರೆದ ಪತ್ರ. ನಾನು ಬರೆದ ಪೆನ್ನು. ನಾನು ಬರೆದ ಮೇಜು. ನಾನು ಬರೆದ ದಿನ.

ನಾಲ್ಕರಲ್ಲೂ ಇರೋದು ಒಂದೇ ‘ಬರೆದ’. ಆದರೆ ಪತ್ರ ಬರೆಸಿಕೊಂಡದ್ದು, ಪೆನ್ನು ಬರೆಯೋಕೆ ಬಳಸಿದ್ದು, ಮೇಜು ಬರೆಯುವಾಗ ಮುಂದಿದ್ದದ್ದು, ದಿನ ಬರೆದ ಕಾಲ. ಸಂಬಂಧ ನಾಲ್ಕೂ ಬೇರೆ. ಕನ್ನಡಕ್ಕೆ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ, ಕೇಳುವವರು ತಿಳಿದುಕೊಳ್ತಾರೆ. ಹುಟ್ಟಿದ, ಬರೆದ, ಓದುವ ಇಂಥ ಪದಗಳಿಗೆ ಶಾಲೆಯ ವ್ಯಾಕರಣದಲ್ಲಿ ಕೃದಂತ ಅಂತ ಓದಿದ್ದು ನೆನಪಿರಬಹುದು. ಈ ಕೃದಂತ ವಿಭಕ್ತಿಯನ್ನು ನುಂಗಿ ನೀರು ಕುಡಿದುಬಿಡುತ್ತೆ.

ಇಂಗ್ಲಿಷ್ ಹಾಗೆ ಬಿಡಲ್ಲ. ಅಲ್ಲಿ ಈ ನಾಲ್ಕೂ ಬೇರೆ ಬೇರೆ: ದ ಲೆಟರ್ ವಿಚ್ ಐ ರೋಟ್, ದ ಪೆನ್ ವಿತ್ ವಿಚ್ ಐ ರೋಟ್, ದ ಟೇಬಲ್ ಅಟ್ ವಿಚ್ ಐ ರೋಟ್, ದ ಡೇ ಆನ್ ವಿಚ್ ಐ ರೋಟ್. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಲ್ಲಿ ಬರೆಯುವವರು ಮೊದಲನೆಯದನ್ನು ಸರಿಯಾಗಿ ಬರೆದು ಉಳಿದ ಮೂರರಲ್ಲಿ ಪ್ರಿಪೊಸಿಷನ್ ಕೈಬಿಡೋದು ಇದಕ್ಕೇ. ಬಿಟ್ಟುಹೋಗೋಕೆ ಅದು ಅವರ ತಲೆಯಲ್ಲಿ ಇರೋದೇ ಇಲ್ಲ!

ಮದ್ದೂ ಕನ್ನಡದಲ್ಲೇ ಇದೆ

ಅದೇ ಮಾತನ್ನು ಹೇಳೋಕೆ ಕನ್ನಡದಲ್ಲಿ ಇನ್ನೊಂದು ದಾರಿ ಇದೆ. ದಿನದ ಮಾತಲ್ಲಿ ಕಡಿಮೆ, ಭಾಷಣದಲ್ಲಿ, ಕೋರ್ಟು ಕಾಗದದಲ್ಲಿ ಜಾಸ್ತಿ. “ಯಾವ ಪೆನ್ನಿನಿಂದ ಬರೆದೆನೋ ಆ ಪೆನ್ನು.” “ಯಾವ ಊರಿನಲ್ಲಿ ಹುಟ್ಟಿದೆನೋ ಆ ಊರು.” “ಯಾರಿಗೆ ಕೊಟ್ಟೆನೋ ಅವರು.” ಗಮನಿಸಿದಿರಾ? ನುಂಗಿಹೋಗಿದ್ದ ‘ಇಂದ’, ‘ಅಲ್ಲಿ’, ‘ಗೆ’ ಎಲ್ಲ ವಾಪಸ್ ಬಂದವು.

ಹಾಗಾಗಿ ನಾನು ಜಗಲಿ ಮೇಲೆ ಹೇಳಿಕೊಡೋದು ಎರಡೇ ಹೆಜ್ಜೆ.

ಮೊದಲು, ನಿಮ್ಮ ವಾಕ್ಯವನ್ನು ಮನಸ್ಸಲ್ಲೇ ‘ಯಾವ... ಓ’ ರೂಪಕ್ಕೆ ತಿರುಗಿಸಿ. ‘ಯಾವ ಪತ್ರವನ್ನು’ ಅಂತ ಬಂದರೆ ಸಾಮಾನ್ಯವಾಗಿ ಬರೀ ‘ವಿಚ್’ ಸಾಕು. ಇಂದ, ಗೆ, ಅಲ್ಲಿ, ಬಗ್ಗೆ, ಜೊತೆ ಬಂತೋ, ‘ವಿಚ್’ ಹಿಂದೆ ಪ್ರಿಪೊಸಿಷನ್ ಬೇಕಿರಬಹುದು ಅಂತ ಎಚ್ಚರ ಆಗಿ.

ಎರಡನೆಯದು, ಯಾವ ಪ್ರಿಪೊಸಿಷನ್ ಅನ್ನೋದನ್ನು ಕನ್ನಡವನ್ನು ಕೇಳಬೇಡಿ, ವಾಕ್ಯದಲ್ಲಿರುವ ಇಂಗ್ಲಿಷ್ ಕ್ರಿಯಾಪದವನ್ನೇ ಕೇಳಿ. ನಾವು ಬಸ್ಸಿ‘ಗೆ’ ಕಾಯ್ತೀವಿ. ಇಂಗ್ಲಿಷಲ್ಲಿ ‘ವೇಟ್’ ಆದಮೇಲೆ ‘ಫಾರ್’. ಹಾಗಾಗಿ ‘ದ ಬಸ್ ಫಾರ್ ವಿಚ್ ಐ ವೇಟೆಡ್’. ಅಪ್ಲೈ ಮಾಡಿದ ಕೆಲಸಕ್ಕೂ ಇದೇ: ‘ದ ಜಾಬ್ ಫಾರ್ ವಿಚ್ ಐ ಅಪ್ಲೈಡ್’. ನಂಬಿಕೊಂಡಿರುವ ಆದಾಯ ಅಂದರೆ ‘ದ ಇನ್‌ಕಮ್ ಆನ್ ವಿಚ್ ವಿ ಡಿಪೆಂಡ್’.

ಈ ಎರಡನೇ ಹೆಜ್ಜೆ ಬಿಟ್ಟರೆ ಇನ್ನೊಂದು ಕಡೆ ಜಾರ್ತೀರಿ. ಕನ್ನಡದಲ್ಲಿ ವಿಷಯದ ‘ಬಗ್ಗೆ’ ಚರ್ಚೆ ಮಾಡ್ತೀವಿ, ಗೆಳೆಯರಿ‘ಗೆ’ ಫೋನ್ ಮಾಡ್ತೀವಿ, ಊರಿ‘ಗೆ’ ತಲುಪ್ತೀವಿ. ಇಂಗ್ಲಿಷಿನ ಡಿಸ್ಕಸ್, ಕಾಲ್, ರೀಚ್ ಈ ಮೂರಕ್ಕೂ ಪ್ರಿಪೊಸಿಷನ್ ಬೇಡ. ‘ದ ಇಶ್ಯೂ ಅಬೌಟ್ ವಿಚ್ ವಿ ಡಿಸ್ಕಸ್ಡ್’ ಅಂತ ಆಫೀಸುಗಳಲ್ಲಿ ಧಾರಾಳವಾಗಿ ಓಡಾಡುತ್ತೆ. ತಪ್ಪು. ‘ದ ಇಶ್ಯೂ ವಿಚ್ ವಿ ಡಿಸ್ಕಸ್ಡ್’ ಅಷ್ಟೇ ಸಾಕು.

ನಮ್ಮೂರಿನ ಮೇಲೇ ಅಭ್ಯಾಸ

ಗ್ರಾಮರ್ ಪುಸ್ತಕದ ಜಾನ್, ಮೇರಿ ನಮ್ಮ ಹುಡುಗರಿಗೆ ಹತ್ತಲ್ಲ. ಅದಕ್ಕೆ ಊರಿನ ಕಥೆಯನ್ನೇ ಹಿಡ್ಕೊಂಡೆವು. ಪಾಲಹಳ್ಳಿ ಅಂದರೆ ಇವತ್ತು ರಂಗನತಿಟ್ಟು, ಬಲಮುರಿ ಕಡೆ ಹೋಗುವವರು ದಾಟಿಹೋಗುವ ಊರು. ಆದರೆ 1847ರಲ್ಲಿ ಇಲ್ಲೊಂದು ಸಕ್ಕರೆ ಕಾರ್ಖಾನೆ ಶುರುವಾಗಿತ್ತು, ಅಷ್ಟಗ್ರಾಮ ಶುಗರ್ ವರ್ಕ್ಸ್. ರೈತರು ಆಲೆಮನೆಯಲ್ಲಿ ಮಾಡಿದ ಬೆಲ್ಲವನ್ನು ಶುದ್ಧಮಾಡಿ ಅಲ್ಲಿ ಸಕ್ಕರೆ ತಯಾರಿಸುತ್ತಿದ್ದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಈ ಸಕ್ಕರೆಗೆ ಬಹುಮಾನ ಬಂತು. ಇಂಟರ್‌ವ್ಯೂನಲ್ಲಿ ‘ಟೆಲ್ ಮಿ ಅಬೌಟ್ ಯುವರ್ ಪ್ಲೇಸ್’ ಅಂದರೆ ಹೇಳೋಕೆ ಇದಕ್ಕಿಂತ ಒಳ್ಳೆ ಸರಕು ಬೇಕೆ?

ಬೆಲ್ಲದಿಂದ ಸಕ್ಕರೆ ಮಾಡಿದರು: ದ ಜ್ಯಾಗರಿ ಫ್ರಮ್ ವಿಚ್ ದೇ ಮೇಡ್ ಶುಗರ್.

ರೈತರಿಂದ ಬೆಲ್ಲ ಬಂತು: ದ ಫಾರ್ಮರ್ಸ್ ಫ್ರಮ್ ಹೂಮ್ ದ ಜ್ಯಾಗರಿ ಕೇಮ್.

ಪ್ರದರ್ಶನದಲ್ಲಿ ಬಹುಮಾನ ಗೆದ್ದಿತು: ದ ಎಕ್ಸಿಬಿಷನ್ ಅಟ್ ವಿಚ್ ಅವರ್ ಶುಗರ್ ವನ್ ಎ ಪ್ರೈಜ್.

ರಂಗನತಿಟ್ಟಿನ ನಡುಗಡ್ಡೆಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ: ದ ಐಲ್ಯಾಂಡ್ಸ್ ಆನ್ ವಿಚ್ ದ ಬರ್ಡ್ಸ್ ನೆಸ್ಟ್.

ಎರಡನೇ ವಾಕ್ಯದಲ್ಲಿ ‘ಹೂ’ ಹೋಗಿ ‘ಹೂಮ್’ ಬಂದದ್ದು ನೋಡಿ. ಮನುಷ್ಯರ ವಿಷಯವಾದರೆ ಪ್ರಿಪೊಸಿಷನ್ ಆದಮೇಲೆ ‘ಹೂಮ್’ ಬರುತ್ತೆ. ‘ಟು ಹೂ’, ‘ಫ್ರಮ್ ಹೂ’ ಅಂತ ಬರೆಯೋ ಹಾಗಿಲ್ಲ.

ಹಿಂದೆ ಹಾಕೋದಾ, ಕೊನೆಗೆ ಹಾಕೋದಾ?

ಜಗಲಿಯಲ್ಲಿ ಒಬ್ಬಳು ಕೇಳಿದಳು, “ಅಣ್ಣಾ, ಇಂಗ್ಲಿಷ್ ಸಿನಿಮಾದಲ್ಲಿ ಯಾರೂ ಇನ್ ವಿಚ್, ಫಾರ್ ವಿಚ್ ಅನ್ನಲ್ವಲ್ಲ?” ನಿಜ. ಮಾತಾಡುವಾಗ ಅವರು ‘ದ ವಿಲೇಜ್ ಐ ವಾಸ್ ಬಾರ್ನ್ ಇನ್’, ‘ದ ಜಾಬ್ ಐ ಅಪ್ಲೈಡ್ ಫಾರ್’ ಅಂತಾರೆ. ‘ವಿಚ್’ ಮಾಯ, ಪ್ರಿಪೊಸಿಷನ್ ಕೊನೆಯಲ್ಲಿ. ಇದು ಪೂರ್ತಿ ಸರಿ.

ಕೊನೆಯಲ್ಲಿ ಹಾಕಬಾರದು ಅನ್ನೋ ವಾದಕ್ಕೂ ವಯಸ್ಸಾಗಿದೆ. ಕವಿ ಜಾನ್ ಡ್ರೈಡನ್ 1672ರಲ್ಲಿ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಹೀಗೆ ಬರೆದದ್ದನ್ನು ದೋಷ ಅಂತ ಎತ್ತಿ ತೋರಿಸಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಮಾತಿನಲ್ಲಿ ಕೊನೆಗೆ ಬರೋದು ಸಹಜ, ಗಂಭೀರ ಬರಹಕ್ಕೆ ಮೊದಲು ಬರೋದು ಚೆಂದ ಅಂದ. ಆಮೇಲಿನ ಮೇಷ್ಟ್ರುಗಳು ಅದನ್ನೇ ಕಟ್ಟುನಿಟ್ಟಿನ ಕಾನೂನು ಮಾಡಿದರು. 1926ರಲ್ಲಿ ಫೌಲರ್ ತಮ್ಮ ಪ್ರಸಿದ್ಧ ಕೋಶದಲ್ಲಿ ಇದನ್ನು ಮೂಢನಂಬಿಕೆ ಅಂತ ಕರೆದರು. ನನಗೆ ಲೌತ್ ಮಾತೇ ಇವತ್ತಿಗೂ ಒಪ್ಪಿಗೆ. ವಾಟ್ಸಾಪ್‌ನಲ್ಲಿ, ಮಾತಲ್ಲಿ ಕೊನೆಗೆ ಹಾಕಿ. ಒಪ್ಪಂದ, ವರದಿ, ಅರ್ಜಿ, ಗ್ರಾಹಕರ ಇಮೇಲ್‌ನಲ್ಲಿ ‘ವಿಚ್’ ಹಿಂದೆ ಹಾಕಿ. ಎಲ್ಲಾದರೂ ಹಾಕಿ, ಆದರೆ ಬಿಡಬೇಡಿ.

ನಾಲ್ಕು ಗುಂಡಿ, ನೋಡಿಕೊಂಡು ನಡೀರಿ

‘ದಟ್’ ಹಿಂದೆ ಪ್ರಿಪೊಸಿಷನ್ ಬರಲ್ಲ. ‘ದ ಹೌಸ್ ಇನ್ ದಟ್ ಐ ಲಿವ್’ ತಪ್ಪು. ‘ದ ಹೌಸ್ ದಟ್ ಐ ಲಿವ್ ಇನ್’ ಸರಿ.

ಎರಡು ಕಡೆ ಹಾಕಬೇಡಿ. ‘ದ ಹೌಸ್ ಇನ್ ವಿಚ್ ಐ ಲಿವ್ ಇನ್’ ಅಂದರೆ ಚಪ್ಪಲಿ ಮೇಲೆ ಚಪ್ಪಲಿ ಹಾಕಿಕೊಂಡ ಹಾಗೆ.

ಜಾಗಕ್ಕೆ ‘ವೇರ್’, ಕಾಲಕ್ಕೆ ‘ವೆನ್’ ಹಾಕಿದರೆ ‘ಇನ್’, ‘ಆನ್’ ಅದರೊಳಗೇ ಇದ್ದಂತೆ. ‘ದ ವಿಲೇಜ್ ವೇರ್ ಐ ವಾಸ್ ಬಾರ್ನ್’ ಸುಲಭ, ಚೆಂದ. ‘ಇನ್ ವೇರ್’ ಬೇಡ.

ಲುಕ್ ಆಫ್ಟರ್, ಲುಕ್ ಫಾರ್ವರ್ಡ್ ಟು, ಪುಟ್ ಅಪ್ ವಿತ್ ಇಂಥ ಜೋಡಿಪದಗಳನ್ನು ಒಡೆಯಬೇಡಿ. ‘ದ ಚೈಲ್ಡ್ ಆಫ್ಟರ್ ಹೂಮ್ ಐ ಲುಕ್’ ಅಂದರೆ ಕೇಳುವವರು ಹುಬ್ಬೇರಿಸ್ತಾರೆ. ‘ದ ಚೈಲ್ಡ್ ಐ ಲುಕ್ ಆಫ್ಟರ್’ ಅಂತಲೇ ಹೇಳಿ.

ಇಂದೇ ಮಾಡಿ ನೋಡಿ

ಫೋನಿನಲ್ಲಿ ನಿಮ್ಮ ‘ಸೆಂಟ್’ ಫೋಲ್ಡರ್ ತೆಗೆಯಿರಿ. ‘ವಿಚ್’ ಅಂತ ಹುಡುಕಿ, ಸಿಕ್ಕ ಹತ್ತು ವಾಕ್ಯಗಳನ್ನು ‘ಯಾವ... ಓ’ ಅಂತ ಕನ್ನಡಕ್ಕೆ ತಿರುಗಿಸಿ. ವಿಭಕ್ತಿ ಎದ್ದು ಬಂದು, ಇಂಗ್ಲಿಷ್ ಕ್ರಿಯಾಪದವೂ ಪ್ರಿಪೊಸಿಷನ್ ಬೇಡುವುದಾಗಿದ್ದು, ವಾಕ್ಯದಲ್ಲಿ ಅದು ಇಲ್ಲದಿದ್ದರೆ ಅಲ್ಲೇ ತಿದ್ದಿ. ಅಕ್ಕನ ಮಗ ಈಗ ಕಳಿಸುವ ಮುಂಚೆ ಇಷ್ಟು ಮಾಡ್ತಾನೆ, ಅರ್ಧ ನಿಮಿಷ ಹಿಡಿಯುತ್ತಂತೆ. ಕನ್ನಡ ಮೀಡಿಯಂ ಓದಿದ್ದನ್ನು ಅವನು ಈಗ ಹಣೆಬರ ಅನ್ನೋದಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರು ಕೊಟ್ಟ ಆಯುಧವನ್ನೇ ಅವನು ಬಳಸ್ತಿರೋದು. ಅದು ನಿಮ್ಮ ಹತ್ತಿರವೂ ಇದೆ.