ಮುಗಿಲಿನ ಕಣ್ಣಿಗೆ ಹಸಿರು, ಹೊಲದಾಗ ಬರೀ ತಪ್ಪಲ!

ಕುಬಿಹಾಳ: ಒಂದು ಕಾಲಕ್ಕೆ ಹೊಲದ ನಕಾಶೆ ಎಂದರೆ ತಲಾಟಿಯ ದಫ್ತರದ ಗಂಟಿನೊಳಗಿನ ಸರಕು. ನೋಡಬೇಕಾದರೆ ಚಾವಡಿಗೆ ಎಡತಾಕಬೇಕಿತ್ತು. ಈಗ ಕುಂದಗೋಳ ತಾಲೂಕಿನ ಈ ಎರಿಭೂಮಿಯ ಊರಲ್ಲಿ ಬದುವಿನ ಮ್ಯಾಲೆ ನಿಂತು ಮೊಬೈಲಿನಲ್ಲಿ ‘ದಿಶಾಂಕ್’ ತೆರೆದರೆ, ನಿಂತ ಹೊಲದ ಸರ್ವೆ ನಂಬರು ತಾನಾಗಿ ಕಾಣುತ್ತದೆ.

ಇದು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆಯ ಮಹಿಮೆ. ಹೊಲದ ಗಡಿ, ಮಳೆಯ ಲೆಕ್ಕ, ಪೀಕಿನ ಹೆಸರು, ಉಪಗ್ರಹದ ಚಿತ್ರ ಇವನ್ನೆಲ್ಲ ಒಂದೇ ನಕಾಶೆಯ ಮೇಲೆ ಹಾಸಿ ನೋಡುವ ವಿದ್ಯೆ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ಹುಟ್ಟಿದ್ದು 1986ರಲ್ಲಿ. ಇಂದು ವಿಪತ್ತು ಉಸ್ತುವಾರಿ ಕೇಂದ್ರವಾಗಿರುವ ಬರ ಉಸ್ತುವಾರಿ ಘಟಕ 1988ರಲ್ಲಿ. ಯಾವ ತಾಲೂಕಿಗೆ ಬರ, ಯಾರಿಗೆ ಪರಿಹಾರ ಎಂಬ ನಿರ್ಣಯದಲ್ಲಿ ಈಗ ಇಂಥ ಲೆಕ್ಕಗಳದೇ ದೊಡ್ಡ ಪಾಲು.

ಹಸಿರು ಬರ

ಆದರೆ ನಕಾಶೆ ಹೇಳಿದ್ದೆಲ್ಲ ಖರೆಯೇ? 2023ರ ಮುಂಗಾರು ಇದಕ್ಕೆ ಸಾಕ್ಷಿ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆ ನೋಡಬೇಕು. ಬಳಿಕ ಉಪಗ್ರಹಕ್ಕೆ ಕಂಡ ಹಸಿರು, ಮಣ್ಣಿನ ತೇವ ಮುಂತಾದವು. ಕೊನೆಗೆ ತಾಲೂಕಿನ ನೂರಕ್ಕೆ 10 ಹಳ್ಳಿಗಳಲ್ಲಿ ಹೊಲಕ್ಕಿಳಿದು ತಪಾಸಣೆ.

ಆ ವರ್ಷ ರಾಜ್ಯದ ಅನೇಕ ಕಡೆ ಪೈರು ಹಸಿರಾಗಿಯೇ ಇತ್ತು, ಕಾಳು ಕಟ್ಟಲಿಲ್ಲ. ಉಪಗ್ರಹಕ್ಕ ತಪ್ಪಲ ಕಾಣತೈತಿ, ಕಾಯಿ ಎಲ್ಲಿ ಕಾಣಬೇಕು? ಅಕ್ಟೋಬರಿನಲ್ಲಿ ಬಂದ ಕೇಂದ್ರ ತಂಡಗಳ ಮುಂದೆ ರಾಜ್ಯ ಸರಕಾರ ಇದನ್ನೇ ‘ಹಸಿರು ಬರ’ ಎಂದು ವಾದಿಸಿತು. 223 ತಾಲೂಕುಗಳಲ್ಲಿ ಬರ ಘೋಷಣೆಯಾಯಿತು. ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ ರೂಪಾಯಿ.

ಫೋಟೋ ತಪ್ಪಿದರೆ?

ತಾಲೂಕಿನ ಮಾತು ಹಾಗಿರಲಿ, ಒಬ್ಬೊಬ್ಬ ರೈತನ ಹಣೆಬರಹ ಬರೆಯುವುದು ಬೆಳೆ ಸಮೀಕ್ಷೆ. 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಫೋಟೋ ತೆಗೆದು ಪೀಕು ದಾಖಲಿಸಲು ಅವಕಾಶವಿದೆ. ಮಾಡದಿದ್ದರೆ ಇಲಾಖೆ ನೇಮಿಸಿದ ಖಾಸಗಿ ನಿವಾಸಿ ಬಂದು ಮಾಡುತ್ತಾನೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿ ಪರಿಹಾರ ಎಲ್ಲಕ್ಕೂ ಇದೇ ಆಧಾರ.

ಇಲ್ಲೇ ಇರುವುದು ತೊಡಕು. ಕುಂದಗೋಳ ಭಾಗದಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಒಂದೇ ಹೊಲದಾಗ ಬೆರೆಸಿ ಹಾಕುವ ಪದ್ಧತಿ ಹಳೆಯದು. ವಿಮೆ ತುಂಬಿದ್ದು ಮೆಣಸಿನಕಾಯಿಗೆ, ಸಮೀಕ್ಷೆಯಲ್ಲಿ ನಮೂದಾದದ್ದು ಬರೀ ಹತ್ತಿ ಎಂದಾದರೆ ವಿಮೆಯ ಹಣಕ್ಕೆ ಸಂಚಕಾರ. ಗಡಿ ಸರಿ, ನಂಬರು ಸರಿ, ಪೀಕಿನ ಹೆಸರು ಮಾತ್ರ ತಪ್ಪು. ಅಷ್ಟಕ್ಕೇ ವರ್ಷದ ದುಡಿಮೆ ನೀರುಪಾಲು!

‘ಬೆಳೆ ದರ್ಶಕ’ದಲ್ಲಿ ತನ್ನ ಹೊಲದ ದಾಖಲೆ ನೋಡಿ, ತಪ್ಪಿದ್ದರೆ ಅವಧಿಯೊಳಗೆ ತಕರಾರು ಸಲ್ಲಿಸಲು ರೈತನಿಗೆ ಹಕ್ಕಿದೆ. ಮೊಬೈಲು ಬಲ್ಲವರಿಗೇನೋ ಸರಿ. ಬಾರದವರ ಪಾಡೇನು? ತಕರಾರಿನ ಅವಧಿ ಮುಗಿಯುವ ಮುನ್ನ ಸಮೀಕ್ಷೆಯ ಯಾದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಅರ್ಧ ಜಗಳ ಅಲ್ಲೇ ಹರಿದೀತು. ನಕಾಶೆ ಬೆಂಗಳೂರಿನದಿರಲಿ, ಒಳಗಿನ ಪೀಕು ಹೊಲದ್ದೇ ಆಗಬೇಕಲ್ಲವೇ? ಸಂಬಂಧಪಟ್ಟವರು ಇತ್ತ ಲಕ್ಷ್ಯ ಕೊಡುವರೇ?