ಕಚೇರಿ ಕೇಳುವ ಊರು

1928ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮೈಸೂರು ಅರಮನೆಯ ಆಸ್ಥಾನ ಸಂಗೀತಗಾರರ ಸಾಲಿಗೆ ಹೊಸ ಹೆಸರೊಂದು ಸೇರಿತು: ಕಲ್ಕತ್ತೆಯ ಗೌಹರ್ ಜಾನ್. ಮನೆಯಲ್ಲಿ ಗ್ರಾಮಫೋನ್ ಪೆಟ್ಟಿಗೆಯಿದ್ದವರಲ್ಲಿ ಆ ಹೆಸರನ್ನು ಅರಿಯದವರು ಆಗ ವಿರಳ. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಭಾರತದ ಹಾಡುಗಳನ್ನು ಪ್ಲೇಟುಗಳಿಗೆ ಮುದ್ರಿಸಿಕೊಂಡಾಗ ಅವರ ಕೊಂಬಿನ ಮುಂದೆ ಹಾಡಿದವರಲ್ಲಿ ಆಕೆ ಅಗ್ರಗಣ್ಯೆ. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಸುಮಾರು 3 ನಿಮಿಷಗಳಲ್ಲಿ ಅಡಕಮಾಡಿ, ಕಡೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಸಾರಿ ಮುಗಿಸುವುದು ಆಕೆಯ ಪದ್ಧತಿ. ಪ್ಲೇಟುಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು.

ಹೀಗೆ ಪ್ಲೇಟಿನ ರೂಪದಲ್ಲಿ ಊರೂರು ಸುತ್ತಿದ ಕಂಠದ ಒಡತಿ, ವ್ಯಾಜ್ಯಗಳಲ್ಲಿ ಐಶ್ವರ್ಯ ಕರಗಿಹೋದ ಮೇಲೆ, ತನ್ನ 55ನೆಯ ವಯಸ್ಸಿನಲ್ಲಿ ಆಶ್ರಯ ಪಡೆದದ್ದು ಮೈಸೂರೆಂಬ ಪುಟ್ಟ ಸೀಮೆಯಲ್ಲಿ. ಅರಮನೆಯ ಸಂಬಳವೊಂದೇ ಈ ಊರಿನ ಸೆಳೆತವಾಗಿರಲಿಲ್ಲ. ಪ್ಲೇಟು ಎಲ್ಲರ ಮನೆಗೂ ಹೋಗಬಲ್ಲುದು. ಆದರೆ ಎದುರಿಗೆ ಕುಳಿತು ‘ಭಲೆ’ ಎಂದು ತಲೆದೂಗುವವರ ಮುಖವನ್ನು ಅದು ಕಾಣಲಾರದು. ಅಂತಹ ಮುಖಗಳು ಮೈಸೂರಿನಲ್ಲಿ ಹೇರಳವಾಗಿದ್ದವು.

ಬ್ರಿಟಿಷರ ಕಾಲದ ಭಾರತದ ಭೂಪಟದಲ್ಲಿ ಮೈಸೂರು ಸಂಸ್ಥಾನವು ಸುಮಾರು 29,000 ಚದರ ಮೈಲಿಗಳ ಒಂದು ತುಣುಕು. 1882ರಲ್ಲಿ ಬೆಂಗಳೂರಿನಿಂದ ರೈಲು ದಾರಿ ಈ ಊರನ್ನು ಮುಟ್ಟಿದ ಮೇಲೆ, ನವರಾತ್ರಿ ಬಂತೆಂದರೆ ನಾಲ್ಕು ದಿಕ್ಕುಗಳಿಂದಲೂ ಜನ ಇಲ್ಲಿಗೆ ಬಂದಿಳಿಯುವುದು ಸುಲಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ದರ್ಬಾರಿಗೆ ಉತ್ತರಾದಿಯ ಅಬ್ದುಲ್ ಕರೀಂ ಖಾನರು ಬಂದರು. ಆಗ್ರಾ ಘರಾಣೆಯ ಫಯಾಜ್ ಖಾನರು ಬಂದು ‘ಅಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದನ್ನು ಪಡೆದು ಹಿಂದಿರುಗಿದರು. ತಮಿಳು ನಾಡಿನ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಬಂದು ಇಲ್ಲಿನ ಆಸ್ಥಾನವನ್ನು ಸೇರಿದರು. ಚಾಮುಂಡೇಶ್ವರಿಯ ಮೇಲೆ ಅವರು ರಚಿಸಿದ 108 ಕೃತಿಗಳ ಭಾಷೆ ಕನ್ನಡ. ಕೇಳಿಸಲು ಬಂದವರು ಕೇಳುವವರ ನುಡಿಗೆ ಸಲ್ಲಿಸಿದ ಕಾಣಿಕೆಯಿದು.

ಇಲ್ಲಿಂದ ಹೊರಗೆ ಹೋಗಿ ವಿದ್ಯೆಯನ್ನು ಹೊತ್ತು ತಂದವರೂ ಉಂಟು. ಚಾಮರಾಜ ಒಡೆಯರ ನೆರವಿನಿಂದ ತಿರುವಯ್ಯಾರಿಗೆ ತೆರಳಿದ ವಾಸುದೇವಾಚಾರ್ಯರು ಅಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಗುರುಕುಲವಾಸ ಮಾಡಿ, ಮರಳಿ ಮೈಸೂರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದರು.

ಆದರೆ ಅರಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸಾಮಾನ್ಯ ಗೃಹಸ್ಥನ ಕಿವಿ ಪಳಗಿದ್ದು ಬೇರೆಡೆಯಲ್ಲಿ. ವೀಣೆ ಶೇಷಣ್ಣನವರಂಥ ವಿದ್ವಾಂಸರ ಮನೆಯ ಹಬ್ಬಹರಿದಿನಗಳು ಕಚೇರಿಯಿಲ್ಲದೆ ಕಳೆಯುತ್ತಿರಲಿಲ್ಲ. ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿದ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ರಾಮೋತ್ಸವದ ಸಂಗೀತವನ್ನು ಕೇಳಲು ಅರಸನ ಅಪ್ಪಣೆ ಬೇಕಿರಲಿಲ್ಲ. ಅವರ ಶಿಷ್ಯರಾದ ಟಿ. ಚೌಡಯ್ಯನವರ ಪಿಟೀಲಿನ ಕಥೆಯೂ ಕೇಳುಗನ ಕಥೆಯೇ. ಧ್ವನಿವರ್ಧಕವಿಲ್ಲದ ಕಾಲ, ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 4 ತಂತಿಗಳಿಗೆ ಮತ್ತೆ 3ನ್ನು ಸೇರಿಸಿ 7 ತಂತಿಗಳ ಪಿಟೀಲನ್ನು ರೂಪಿಸಿದರು. ಗೋಡೆಗೆ ಒರಗಿ ಕುಳಿತ ಬಡ ರಸಿಕನಿಗೂ ಕೇಳಿಸಬೇಕೆಂಬ ಹಂಬಲದಿಂದ ವಾದ್ಯವೇ ಮಾರ್ಪಟ್ಟಿತು.

ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರ ಕಾಲದಲ್ಲಿ ಈ ಅಭಿರುಚಿ ಕಡಲನ್ನೂ ದಾಟಿತು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ತನ್ನ ಅಂತ್ಯಕಾಲದಲ್ಲಿ ರಚಿಸಿದ 4 ಗೀತೆಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಕಾರ್ಯಕ್ರಮದ ಖರ್ಚಿಗೆ ಭರವಸೆಯಾಗಿ ನಿಂತವರು ಮೈಸೂರಿನ ಮಹಾರಾಜರು. ವಿಧಿಯ ವಿನೋದವೆಂದರೆ, ಅಂದು ಆ ಸಭೆಯಲ್ಲಿ ಅವರಿರಲಿಲ್ಲ. ಗಾಯನವನ್ನು ಪ್ಲೇಟುಗಳಿಗೆ ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಸಾವಿರಾರು ಮಂದಿ ಎದುರು ಕುಳಿತು ಸವಿದುದನ್ನು, ಅದಕ್ಕೆ ಕಾರಣರಾದವರು ಅರಮನೆಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತು ಕೇಳಬೇಕಾಯಿತು.

ಸಂಸ್ಥಾನ ಅಳಿಯಿತು. 1971ರಲ್ಲಿ ರಾಜಧನವೂ ನಿಂತಿತು. ಅರಸನನ್ನೇ ನೆಚ್ಚಿದ ಕಲೆ ಅರಸನೊಡನೆಯೇ ಅಡಗಬೇಕಿತ್ತೆಂದು ತೋರುವುದು ಸಹಜ. ಹಾಗಾಗಲಿಲ್ಲ. 1960ರ ದಶಕದಲ್ಲೇ ವಿ. ವಿ. ಮೊಹಲ್ಲದ ಎಂಟನೆಯ ಕ್ರಾಸಿನ ನಿವಾಸಿಗಳು ಗಣಪತಿಯನ್ನು ಕೂರಿಸಿ, ಬೀದಿಗೆ ಚಪ್ಪರ ಹಾಕಿ, ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆಸಿ ಕಚೇರಿ ಮಾಡಿಸತೊಡಗಿದ್ದರು. ಅರಮನೆಯ ದರ್ಬಾರಿನ ಕೆಲಸವನ್ನು ಒಂದು ಅಡ್ಡರಸ್ತೆ ಕೈಗೆತ್ತಿಕೊಂಡಿತು. ಅಲ್ಲಿ ಟಿಕೀಟಿನ ಮಾತಿಲ್ಲ. ಮೊದಲು ಬಂದವನಿಗೆ ಮುಂದಿನ ಕುರ್ಚಿ. ಚಪ್ಪರದೊಳಗೆ ಜಾಗವಿಲ್ಲದವರು ಹೊರಗೆ ನಿಂತೇ ತಾಳ ಹಾಕುವರು.

ಇಂದಿಗೂ ಸಂಗೀತಕ್ಕಾಗಿಯೇ ಮೈಸೂರಿಗೆ ಪ್ರಯಾಣ ಹೊರಡಬಯಸುವ ಕುಟುಂಬಕ್ಕೆ ಪಂಚಾಂಗವೇ ಮಾರ್ಗದರ್ಶಿ. ಚೈತ್ರದಲ್ಲಿ ರಾಮೋತ್ಸವ, ಭಾದ್ರಪದದಲ್ಲಿ ಗಣೇಶೋತ್ಸವ, ಆಶ್ವಯುಜದಲ್ಲಿ ದಸರಾ. ಒಂದು ಕಾಲಕ್ಕೆ ಆಹ್ವಾನಿತರಷ್ಟೇ ಕಾಲಿಡುತ್ತಿದ್ದ ಅರಮನೆಯ ಅಂಗಳದಲ್ಲಿ ದಸರೆಯ ಸಂಜೆ ಈಗ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು ಹಾಡು ಕೇಳುತ್ತಾರೆ. ಉಳಿದ ದಿನಗಳಲ್ಲಿ ಊರಿನ ಸಂಗೀತ ಸಭೆಗಳು ಬರಿದಾಗಿರುವುದಿಲ್ಲ.

ಗೌಹರ್ ಜಾನ್ ಮಾತ್ರ ಈ ಊರಿನ ಹಬ್ಬಗಳನ್ನು ಹೆಚ್ಚು ಕಾಲ ಕಾಣಲಿಲ್ಲ. ಬಂದು ಒಂದೂವರೆ ವರ್ಷ ತುಂಬುವ ಮುನ್ನವೇ, 1930ರ ಜನವರಿ 17ರಂದು, ಆಕೆ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಆಕೆಯ ಪ್ಲೇಟುಗಳು ಇಂದಿಗೂ ಉಳಿದಿವೆ. ಈಗಂತೂ ಅಂಗೈಯಗಲದ ಫೋನಿನಲ್ಲಿ, ಬೇಕೆಂದಾಗ, ಆ ದನಿಯನ್ನು ಕರೆಯಬಹುದು. ಆದರೆ ಮೈಸೂರಿನ ದರ್ಬಾರಿನಲ್ಲಿ ಆಕೆಯ ಎದುರು ಕುಳಿತವರು ಕೇಳಿದ್ದು 3 ನಿಮಿಷಕ್ಕೆ ಮುಗಿಯಬೇಕಿಲ್ಲದ ಹಾಡನ್ನು, ಹೆಸರನ್ನು ಸಾರಿ ಹೇಳಬೇಕಿಲ್ಲದ ಗಾಯಕಿಯನ್ನು. ಅದನ್ನು ಯಾವ ಪ್ಲೇಟೂ ಉಳಿಸಿಕೊಂಡಿಲ್ಲ. ಇಂದು ಹಾಡುತ್ತಿರುವವರಾದರೂ ನಮ್ಮ ಬೀದಿಗೇ ಬರುತ್ತಾರೆ. ಚಪ್ಪರದ ಕುರ್ಚಿಯಲ್ಲಿ ಹೋಗಿ ಕೂರುವಷ್ಟೇ ನಮ್ಮ ಪಾಲಿನ ಕೆಲಸ.