ಕಾರನ್ನು ಕಡ್ಡಿಗೆ ಸಿಕ್ಕಿಸಿ ತಿರುಗಿಸೋದು ಹೇಗೆ?

ಗ್ರಿಲ್ ಚಿಕನ್ ಅಂಗಡಿ ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಕಡ್ಡಿಗೆ ಚುಚ್ಚಿದ ಕೋಳಿಗಳು ನಿಧಾನವಾಗಿ ತಿರುಗ್ತಾ ಇರೋದನ್ನು ನೀವೆಲ್ಲ ನೋಡಿರ್ತೀರ. ಆ ಯಂತ್ರಕ್ಕೆ ರೋಟಿಸರಿ ಅಂತ ಹೆಸರು. ಕೋಳಿಯ ಜಾಗದಲ್ಲಿ ಕಾರಿನ ಬಾಡಿ ಇದ್ದರೆ? ಹಳೇ ಕಾರುಗಳಿಗೆ ಮರುಜೀವ ಕೊಡೋರು ಅದಕ್ಕೂ ರೋಟಿಸರಿ ಅಂತಲೇ ಅಂತಾರೆ. ಇಂಜಿನ್, ಸಸ್ಪೆನ್ಷನ್, ಬಾಗಿಲು, ಗಾಜು, ಸೀಟು, ಪೆಟ್ರೋಲ್ ಟ್ಯಾಂಕ್ ಎಲ್ಲ ಬಿಚ್ಚಿದ ಮೇಲೆ ಉಳಿಯೋ ತಗಡಿನ ಗೂಡನ್ನು ಮುಂದೊಂದು, ಹಿಂದೊಂದು ಸ್ಟ್ಯಾಂಡಿಗೆ ಸಿಕ್ಕಿಸಿ ಮಗುಚಿ ಹಾಕುವ ವ್ಯವಸ್ಥೆ ಇದು.

ಇದರ ಅಗತ್ಯ ಏನು ಅಂತ ತಿಳಿಯೋಕೆ ಒಂದು ಪ್ರೀಮಿಯರ್ ಪದ್ಮಿನಿಯ ಕೆಳಗೆ ಮಲಗಿ ನೋಡಬೇಕು. 1964ರಲ್ಲಿ ಫಿಯೆಟ್ 1100 ಡಿಲೈಟ್ ಅನ್ನೋ ಹೆಸರಲ್ಲಿ ಮುಂಬೈನ ಕುರ್ಲಾದಲ್ಲಿ ಶುರುವಾದ ಈ ಕಾರಿನ ತಯಾರಿಕೆ ನಿಂತಿದ್ದು 2000ದ ಹೊತ್ತಿಗೆ. ನಮ್ಮಲ್ಲಿ ಎಷ್ಟೋ ಜನರ ತಾತನ ಮನೆ ಶೆಡ್ಡಲ್ಲಿ ಒಂದು ಇದ್ದೇ ಇರತ್ತೆ. 1089 ಸಿಸಿ ಇಂಜಿನ್ ಅಷ್ಟು ಸುಲಭಕ್ಕೆ ಸಾಯಲ್ಲ. ಸಾಯೋದು ಬಾಡಿ. ಪದ್ಮಿನಿಗೆ ಲಾರಿ ತರ ಬೇರೆ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ಮ್ಯಾಟ್ ಕೆಳಗೆ ನೀರು ನಿಂತು ಫ್ಲೋರ್ ತೂತಾಗತ್ತೆ, ಬಾಗಿಲ ಕೆಳಗಿನ ಪೆಟ್ಟಿಗೆ ಒಳಗಿಂದ ಪುಡಿಯಾಗತ್ತೆ, ಜಾಕಿ ಕೊಡುವ ಜಾಗ ಕುಸಿಯತ್ತೆ. ಮೇಲೆ ಎಷ್ಟೇ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೂ ಕೆಳಗೆ ಜೀವ ಇರಲ್ಲ.

ಇದನ್ನು ಸರಿ ಮಾಡೋಕೆ ಟಿಂಕರಿಂಗ್ ಕೆಲಸದವರು ಕೆಳಗೆ ಮಲಗಿ ಮೇಲ್ಮುಖವಾಗಿ ವೆಲ್ಡ್ ಮಾಡ್ತಾರೆ. ಕರಗಿದ ಲೋಹ ಕತ್ತಿನೊಳಗೆ, ತುಕ್ಕಿನ ಪುಡಿ ಕಣ್ಣೊಳಗೆ. ಇಲ್ಲಾಂದ್ರೆ ನಾಲ್ಕೈದು ಜನ ಸೇರಿ ಬಾಡಿಯನ್ನು ಹಳೇ ಟೈರುಗಳ ಮೇಲೆ ಪಕ್ಕಕ್ಕೆ ಮಲಗಿಸ್ತಾರೆ. ಆಗ ಭಾರವೆಲ್ಲ ಛಾವಣಿಯ ಅಂಚಿನ ಮೇಲೆ. ಕೋನ ಸ್ವಲ್ಪ ಬದಲಿಸಬೇಕು ಅಂದ್ರೂ ಮತ್ತೆ ನಾಲ್ಕೈದು ಜನ ಬೇಕು. ರೋಟಿಸರಿ ಇದ್ದರೆ ಒಬ್ಬರೇ ಸ್ಟೂಲ್ ಹಾಕಿ ಕೂತು, ಫ್ಲೋರನ್ನು ಗೋಡೆ ತರ ಎದುರಿಗೆ ನಿಲ್ಲಿಸಿಕೊಂಡು ಕೆಲಸ ಮಾಡಬಹುದು.

ಮೊದಲು ಎಲ್ಲರೂ ಕೇಳೋ ಪ್ರಶ್ನೆ: ಪೈಪ್ ತಡೆಯತ್ತಾ? ತಡೆಯತ್ತೆ. ಇಡೀ ಕಾರೇ ಹೆಚ್ಚುಕಮ್ಮಿ 900 ಕೆ.ಜಿ.; ಬರೀ ಗೂಡನ್ನು ಲೆಕ್ಕಕ್ಕೆ 280 ಕೆ.ಜಿ. ಅಂತ ಹಿಡಿಯೋಣ. ಒಂದೊಂದು ಕಡೆಗೆ 140. ತಿರುಗುವ ಪೈಪ್ ಸ್ಟ್ಯಾಂಡಿನಿಂದ 200 ಮಿ.ಮೀ. ಹೊರಗೆ ಚಾಚಿದ್ದರೆ ಬೆಂಡಿಂಗ್ ಮೊಮೆಂಟ್ ಸುಮಾರು 275 ನ್ಯೂಟನ್ ಮೀಟರ್. 40 ಎನ್‌ಬಿ ಸಿ ಕ್ಲಾಸ್ ಪೈಪಿನಲ್ಲಿ ಇದರಿಂದ ಬರುವ ಸ್ಟ್ರೆಸ್ 50 ಎಂಪಿಎ ಒಳಗೇ ಇರತ್ತೆ. ಸಾಮಾನ್ಯ ಎಂ.ಎಸ್.ನ ಯೀಲ್ಡ್ ಸ್ಟ್ರೆಸ್ 250ರ ಆಸುಪಾಸು. ಈ ಪೈಪಿನ ಹೊರವ್ಯಾಸ ಸುಮಾರು 48 ಮಿ.ಮೀ., 50 ಎನ್‌ಬಿ ಸಿ ಕ್ಲಾಸಿನ ಒಳವ್ಯಾಸ ಸುಮಾರು 51. ಒಂದರೊಳಗೆ ಒಂದು ಹಾಕಿ ಗ್ರೀಸ್ ಬಳಿದರೆ ಅದೇ ಬೇರಿಂಗ್. ನಿಜವಾದ ಬಾಲ್ ಬೇರಿಂಗ್ ಯಾಕೆ ಬೇಡ ಅಂದ್ರೆ, ಇಲ್ಲಿ ನಮಗೆ ಫ್ರಿಕ್ಷನ್ ಶತ್ರು ಅಲ್ಲ, ಸ್ನೇಹಿತ.

ಕಷ್ಟ ಇರೋದು ಬೇರೆ ಕಡೆ. ಫಸ್ಟ್ ಇಯರ್ ಮೆಕ್ಯಾನಿಕ್ಸಲ್ಲಿ ಪರೀಕ್ಷೆಗೆ ಅಂತ ಓದಿ ಮರೆತ ಸೆಂಟರ್ ಆಫ್ ಗ್ರಾವಿಟಿ, ಅಂದ್ರೆ ಗುರುತ್ವಕೇಂದ್ರ, ಇಲ್ಲಿ ಎದುರಿಗೆ ಬಂದು ನಿಲ್ಲತ್ತೆ. ತಿರುಗುವ ಅಕ್ಷ ಗುರುತ್ವಕೇಂದ್ರದ ಮೂಲಕ ಹೋದರೆ 280 ಕೆ.ಜಿ.ಯನ್ನು ಒಂದು ಕೈಯಲ್ಲಿ ತಿರುಗಿಸಬಹುದು. ಎರಡರ ನಡುವೆ 50 ಮಿ.ಮೀ. ವ್ಯತ್ಯಾಸ ಬಂತು ಅಂದ್ರೆ, ಬಾಡಿ ಪಕ್ಕಕ್ಕೆ ಮಲಗಿದಾಗ 137 ನ್ಯೂಟನ್ ಮೀಟರ್ ಟಾರ್ಕ್. 150 ಮಿ.ಮೀ. ಆದರೆ 412. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 42 ಕೆ.ಜಿ. ಮೂಟೆ ನೇತುಹಾಕಿದ ಹಾಗೆ. ಕೈ ಜಾರಿದರೆ ಆ ಹಿಡಿ ಬರೋದು ನಿಮ್ಮ ದವಡೆಗೆ.

ಅದಕ್ಕೇ ಬಾಡಿಯನ್ನು ಹಿಡಿಯುವ ಬ್ರ್ಯಾಕೆಟ್ಟನ್ನು ಪೈಪಿಗೆ ನೇರವಾಗಿ ವೆಲ್ಡ್ ಮಾಡಬಾರದು. ನಡುವೆ 25 ಮಿ.ಮೀ.ಗೊಂದು ತೂತು ಇರುವ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು, ಮೇಲೆ ಕೆಳಗೆ ಸರಿಸೋಕೆ ಆಗೋ ಹಾಗೆ. ಪದ್ಮಿನಿಯಲ್ಲಿ ಬ್ರ್ಯಾಕೆಟ್ ಕೂರಿಸೋಕೆ ಬಂಪರ್ ಬೋಲ್ಟ್ ಮಾಡುವ ಜಾಗಗಳೇ ಅನುಕೂಲ, ಆದರೆ ಅಲ್ಲೇ ತುಕ್ಕು ಹಿಡಿದಿದೆಯಾ ಅಂತ ಸುತ್ತಿಗೆಯಿಂದ ತಟ್ಟಿ ನೋಡಿ. ಆಮೇಲೆ ಪರೀಕ್ಷೆ. ಹಗ್ಗ ಕಟ್ಟಿ, ಇಬ್ಬರು ಹಿಡಿದುಕೊಂಡು ಬಾಡಿಯನ್ನು 90 ಡಿಗ್ರಿ ತಿರುಗಿಸಿ ಹಿಡಿತ ಸ್ವಲ್ಪ ಸಡಿಲಿಸಿ. ಫ್ಲೋರ್ ಕಡೆ ಕೆಳಗಿಳಿದರೆ ಭಾರ ಫ್ಲೋರ್ ಕಡೆ ಇದೆ ಅಂತ ಅರ್ಥ. ಬಾಡಿಯನ್ನು ನೆಟ್ಟಗೆ ತಂದು, ಕೆಳಗೆ ಜಾಕಿ ಕೊಟ್ಟು, ಬ್ರ್ಯಾಕೆಟ್ ಮೇಲೆ ಬಾಡಿಯನ್ನು ಒಂದು ತೂತು ಎತ್ತರಿಸಿ. ಛಾವಣಿ ಕೆಳಗಿಳಿದರೆ ಉಲ್ಟಾ.

ಪೂರ್ತಿ ಬ್ಯಾಲೆನ್ಸ್ ಮಾಡೋದಕ್ಕಿಂತ ಗುರುತ್ವಕೇಂದ್ರವನ್ನು ಅಕ್ಷಕ್ಕಿಂತ ಸ್ವಲ್ಪ ಕೆಳಗೆ ಬಿಡೋದು ಒಳ್ಳೇದು. ಆಗ ಬಾಡಿ ತಂಜಾವೂರು ಬೊಂಬೆ ತರ, ಬಿಟ್ಟರೆ ತಾನಾಗೇ ನೆಟ್ಟಗೆ ಬರತ್ತೆ. ಆದರೆ ಎಷ್ಟು ಕೆಳಗೆ? ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. 10 ಮಿ.ಮೀ. ಕೆಳಗೆ ಬಿಟ್ಟಿದ್ದೀರ ಅಂತಿಟ್ಕೊಳ್ಳಿ. ತುಕ್ಕು ಹಿಡಿದ ಫ್ಲೋರಲ್ಲಿ 10 ಕೆ.ಜಿ. ಕತ್ತರಿಸಿ ತೆಗೀತೀರ. ಆ ತಗಡು ಗುರುತ್ವಕೇಂದ್ರಕ್ಕಿಂತ 400 ಮಿ.ಮೀ. ಕೆಳಗಿತ್ತು. ಉಳಿದ 270 ಕೆ.ಜಿ.ಯ ಗುರುತ್ವಕೇಂದ್ರ ಸುಮಾರು 15 ಮಿ.ಮೀ. ಮೇಲೇರತ್ತೆ. ಅಂದ್ರೆ ಈಗ ಅದು ಅಕ್ಷಕ್ಕಿಂತ 5 ಮಿ.ಮೀ. ಮೇಲೆ! ಬೆಳಿಗ್ಗೆ ತಾನಾಗೇ ನೆಟ್ಟಗೆ ನಿಲ್ತಿದ್ದ ಕಾರು ಮಧ್ಯಾಹ್ನ ತಾನಾಗೇ ಮಗುಚಿಕೊಳ್ಳೋಕೆ ನೋಡತ್ತೆ. ಸ್ಟ್ಯಾಂಡಲ್ಲಿ ಏನೂ ಬದಲಾಗಿಲ್ಲ, ಕಾರು ಬದಲಾಗಿದೆ. ಹಾಗಾಗಿ ತಗಡು ಕತ್ತರಿಸಿದಾಗಲೆಲ್ಲ ಮತ್ತೆ ಪರೀಕ್ಷೆ ಮಾಡಬೇಕು.

ಲಾಕ್ ವಿಷಯದಲ್ಲಿ ಜಿಪುಣತನ ಬೇಡ. ಒಂದು ಬೋಲ್ಟನ್ನು ಪೈಪಿಗೆ ಒತ್ತಿ ಬಿಗಿ ಮಾಡಿದರೆ ಸಾಕು ಅನ್ಸತ್ತೆ, ಸುತ್ತಿಗೆ ಏಟು ಬಿದ್ದ ಹಾಗೆ ಅದು ಸಡಿಲ ಆಗತ್ತೆ. 10 ಮಿ.ಮೀ. ಪ್ಲೇಟಿನ ಒಂದು ಚಕ್ರ ಕತ್ತರಿಸಿ, 150 ಮಿ.ಮೀ. ತ್ರಿಜ್ಯದಲ್ಲಿ 15 ಡಿಗ್ರಿಗೊಂದು ತೂತು ಕೊರೆದು 16 ಮಿ.ಮೀ. ಪಿನ್ ಹಾಕಿ. ಮೇಲಿನ 137 ನ್ಯೂಟನ್ ಮೀಟರ್ ಬಂದರೂ ಪಿನ್ ಮೇಲಿನ ಶಿಯರ್ 5 ಎಂಪಿಎಗಿಂತ ಕಮ್ಮಿ. ವರ್ಮ್ ಗೇರ್‌ಬಾಕ್ಸ್ ಸಿಕ್ಕರೆ ತಿರುಗಿಸೋಕೆ ಆರಾಮ, ಆದರೂ ಪಿನ್ ಇರಲೇಬೇಕು.

ಇನ್ನು ಬಾಡಿ ಜೋತು ಬೀಳೋ ವಿಷಯ. ಎರಡು ತುದಿಯಲ್ಲಿ ಹಿಡಿದ ಗೂಡು ಒಂದು ಬೀಮ್ ತಾನೇ? ಆ ಬೀಮಿನ ಮುಖ್ಯ ಶಕ್ತಿ ಬಾಗಿಲ ಕೆಳಗಿನ ಪೆಟ್ಟಿಗೆ. ನೇತಾಡ್ತಿರುವಾಗ ಅದನ್ನೇ ಕತ್ತರಿಸಿದರೆ ನಡು ಕುಸಿದು, ಹೊಸ ತಗಡು ಆ ಕುಸಿದ ಅಳತೆಗೇ ವೆಲ್ಡ್ ಆಗತ್ತೆ. ಕೊನೆಗೆ ಬಾಗಿಲು ಮುಚ್ಚಲ್ಲ. ಕತ್ತರಿಸೋ ಮುಂಚೆಯೇ ಬಾಗಿಲ ಚೌಕಟ್ಟಿಗೆ 25 ಮಿ.ಮೀ. ಚದರ ಪೈಪ್ ಅಡ್ಡಡ್ಡ ವೆಲ್ಡ್ ಮಾಡಿ, ಕರ್ಣಗಳ ಅಳತೆ ಚಾಕಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಿ. ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ಸ್ಟ್ಯಾಂಡಿಗೆ ಹಾಕಬೇಡಿ, ಬಾಡಿಗೇ ಹಾಕಿ. ಇಲ್ಲದಿದ್ರೆ ಕರೆಂಟ್ ತಿರುಗುವ ಪೈಪಿನ ಸಂದಿಯಿಂದ ಹಾದು ಅಲ್ಲೇ ಕಿಡಿ ಹಾರಿ ಕಚ್ಚಿಕೊಳ್ಳತ್ತೆ.

ಸ್ಟ್ಯಾಂಡ್ ಎತ್ತರಕ್ಕೆ ದೊಡ್ಡ ಲೆಕ್ಕ ಏನಿಲ್ಲ. ಕಾರಿನ ಅಗಲ ಸುಮಾರು 1.46 ಮೀಟರ್, ತಿರುಗುವಾಗ ಮೂಲೆ ನೆಲಕ್ಕೆ ತಾಗಬಾರದು, ಅಕ್ಷ ನೆಲದಿಂದ 1.1 ಮೀಟರ್ ಮೇಲಿದ್ದರೆ ಸಾಕು. ಎರಡೂ ಸ್ಟ್ಯಾಂಡನ್ನು ನೆಲದಲ್ಲಿ ಉದ್ದ ಬೀಮಿನಿಂದ ಜೋಡಿಸಿ. 75 ಮಿ.ಮೀ. ಚದರ, 4 ಮಿ.ಮೀ. ದಪ್ಪದ ಪೈಪ್ 20 ಮೀಟರ್ ಬೇಕಾಗಬಹುದು, ಅದು ಸುಮಾರು 170 ಕೆ.ಜಿ. ಕೆ.ಜಿ.ಗೆ 70 ರೂಪಾಯಿ ಅಂತ ಹಿಡಿದರೆ 12 ಸಾವಿರ. ಪೀಣ್ಯದ ಗುಜರಿಯಲ್ಲಿ ತುಂಡು ಪೈಪ್, ಹಳೇ ಕ್ಯಾಸ್ಟರ್ ವೀಲ್ ಹುಡುಕಿದರೆ ಇನ್ನೂ ಕಮ್ಮಿ. ಪ್ಲೇಟ್ ಕಟಿಂಗ್, ಲೇತ್, ವೆಲ್ಡಿಂಗ್ ಮೂರೂ ಎರಡನೇ ಹಂತದ ಒಂದೇ ರಸ್ತೆಯಲ್ಲಿ ಮುಗಿಯತ್ತೆ. ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಮಾತ್ರ ಇದನ್ನೆಲ್ಲ ಶುರು ಮಾಡಬೇಡಿ, ಗ್ರೈಂಡರ್ ಕಿಡಿ ನೋಡಿ ಅಸೋಸಿಯೇಷನ್‌ನವರು ಓಡಿ ಬರ್ತಾರೆ.

ಬೇಸನ್ನು ಬೋಲ್ಟಲ್ಲೇ ಜೋಡಿಸಿ. ಕೆಲಸ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸಬಹುದು, ಇನ್ನೊಬ್ಬರಿಗೆ ಕೊಡಬಹುದು. ಅಂಬಾಸಿಡರ್‌ಗೂ ಬೇರೆ ಚಾಸಿ ಇಲ್ಲ, ಅದೇ ಸ್ಟ್ಯಾಂಡ್ ನಡೆಯತ್ತೆ, ಬ್ರ್ಯಾಕೆಟ್ ಮಾತ್ರ ಬೇರೆ ಮಾಡಿಸಬೇಕು.